ಚನ್ನಮ್ಮನ ಅಡುಗೆಮನೆಯಲ್ಲಿ ಮನಿಲಾ ಪಾಠ

ಚನ್ನಮ್ಮ ಹಂಚಿನಾಳ ಅವರನ್ನು ನಾನು ಮೊದಲು ಕಂಡದ್ದು ೨೦೦೨ರ ಏಪ್ರಿಲ್‌ನಲ್ಲಿ, ಲೆಸ್ಟರಿನ ಒಂದು ಶಾಲೆಯ ಹಾಲ್‌ನಲ್ಲಿ ನಡೆದ ಯುಗಾದಿ ಊಟದಲ್ಲಿ. ನಾನಾಗ ಡರ್ಬಿಯಲ್ಲಿ ಕಾಂಟ್ರ್ಯಾಕ್ಟ್ ಮೇಲೆ ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದೆ. ಕಂಪನಿಯವರು ನನ್ನನ್ನು ಆರು ತಿಂಗಳ ಮಟ್ಟಿಗೆ ಮನಿಲಾಕ್ಕೆ ಕಳಿಸುವುದೆಂದು ಆಗಷ್ಟೇ ತೀರ್ಮಾನವಾಗಿತ್ತು. ಊಟದ ಸಾಲಿನಲ್ಲಿ ನಿಂತು ಅದನ್ನೇ ನಮ್ಮ ಕನ್ನಡ ಕೂಟದ ಹಿರಿಯ ಡಾಕ್ಟರ್ ರಾಮಮೂರ್ತಿಯವರಿಗೆ ಹೇಳುತ್ತಿದ್ದೆ. ಅವರು ಬಹಳ ಕಾಳಜಿಯಿಂದ, "ಜೋಪಾನಮ್ಮ. ಅಲ್ಲಿ ಒಬ್ಬಳೇ ಹೊರಗೆಲ್ಲ ಓಡಾಡಬೇಡ. ಯಾರನ್ನೂ ನಂಬಬೇಡ" ಎಂದರು.

"ನೀವು ಅಲ್ಲಿಗೆ ಹೋಗಿದ್ರೇನ್ರಿ?" ಎಂದು ನಮ್ಮ ಬೆನ್ನ ಹಿಂದಿನಿಂದ ಒಂದು ದನಿ ಕೇಳಿತು.

ತಿರುಗಿದರೆ ಐವತ್ತು ದಾಟಿದ, ಗಿಡ್ಡಗಿನ ಹೆಂಗಸು. ಇಳಕಲ್ ಸೀರೆ, ಅದರ ಮೇಲೆ ಗಂಡಸರ ಕಂದು ಸ್ವೆಟರ್.

"ಇಲ್ಲ, ಆದರೆ ಪೇಪರ್‌ನಲ್ಲೆಲ್ಲ ಬರುತ್ತಲ್ಲ" ಎಂದರು ಡಾಕ್ಟರು.

"ಪೇಪರಿನ್ಯಾಗ ನಮ್ಮ ಊರಿನ ಬಗ್ಗೆನೂ ಬರ್ತೈತಿ. ಅದನ್ನ ಓದಿ ಮಂದಿ ನಮ್ಮನ್ನ ನಂಬೂದು ಬಿಟ್ರ ನಿಮಗ ಹ್ಯಾಂಗ ಅನಸ್ತೈತಿ?"

ಡಾಕ್ಟರು ಉಪ್ಪಿನಕಾಯಿ ಹುಡುಕುವವರಂತೆ ಮುಂದೆ ಸರಿದರು. ಆಕೆ ನನ್ನ ಕಡೆ ನೋಡಿ, "ನಿನ್ನ ಹೆಸರೇನವಾ?" ಎಂದರು. ಸುಚೇತಾ ಎಂದೆ. "ಶನಿವಾರ ಹತ್ತಕ್ಕ ನಮ್ಮ ಮನಿಗೆ ಬಾ. ಡರ್ಬಿಯೊಳಗ ಯಾರನ್ನ ಕೇಳಿದ್ರೂ ಹೇಳ್ತಾರ. ನೋಟ್‌ಬುಕ್ ತಗೊಂಡು ಬಾ."

"ಸರಿ ಆಂಟಿ" ಎಂದೆ.

"ಆಂಟಿ ಅನಬ್ಯಾಡ. ಅಕ್ಕ ಅನ್ನು."

ನಮ್ಮ ಕೂಟದಲ್ಲಿ ಮಂಗಳೂರಿನವರಾಗಲಿ ಬಳ್ಳಾರಿಯವರಾಗಲಿ ನಾಲ್ಕು ಜನ ಸೇರಿದರೆ ತಂತಾನೇ ಬೆಂಗಳೂರಿನ ಮಾತಿಗೆ ಇಳಿಯುತ್ತಿದ್ದರು. ಇವರು ಮಾತ್ರ ಧಾರವಾಡವನ್ನು ಎಲ್ಲಿಯೂ ಬಿಟ್ಟುಕೊಟ್ಟವರಲ್ಲ. ಇಂಗ್ಲಿಷರೊಡನೆ ಇಂಗ್ಲಿಷಿನಲ್ಲಿ ಆಡಿದ ಮಾತನ್ನೂ ನಮಗೆ ಧಾರವಾಡದ ಕನ್ನಡದಲ್ಲೇ ಹೇಳುತ್ತಿದ್ದರು. ನನ್ನ ಕಿವಿಯಲ್ಲಿ ಉಳಿದಿರುವುದೂ ಹಾಗೆಯೇ. ಅದನ್ನು ಇಲ್ಲಿ ತಿದ್ದುವುದಿಲ್ಲ.

ಮದುವೆಗೆ ಮುಂಚೆ ಆಕೆ ಧಾರವಾಡದ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸಕ್ಕಿದ್ದರು. ಗಂಡ ಶಿವಲಿಂಗಪ್ಪನವರು ಬೀಜ ವಿಜ್ಞಾನಿ, ಮಿತಭಾಷಿ. ೧೯೮೫ರಲ್ಲಿ ಅವರಿಗೆ ಫಿಲಿಪ್ಪೀನ್ಸಿನ ಲಗೂನಾ ಪ್ರಾಂತ್ಯದಲ್ಲಿ ಭತ್ತದ ಬೀಜದ ಒಂದು ಯೋಜನೆಯಲ್ಲಿ ಕೆಲಸ ಸಿಕ್ಕಿತು. ಧಾರವಾಡ ದಾಟಿ ಹೆಚ್ಚೆಂದರೆ ಪುಣೆ ನೋಡಿದ್ದ ಚನ್ನಮ್ಮ ಗಂಡನೊಡನೆ ಹೋಗಿ ಹನ್ನೊಂದು ವರ್ಷ ಅಲ್ಲಿದ್ದರು. ಮೊದಲ ವಾರ ಅನ್ನ ಮೊಸರೇ ಊಟ. ಎರಡನೆಯ ವಾರ ತರಕಾರಿ ಪಲ್ಯವೆಂದು ಕೊಂಡು ತಂದದ್ದರಲ್ಲಿ ಸಿಗಡಿಯ ವಾಸನೆ ಹೊಡೆಯಿತು. ಅಲ್ಲಿ ಪಲ್ಯಕ್ಕೂ ಉಪ್ಪು ಹಾಕಿ ಹುಳಿಬರಿಸಿದ ಸಿಗಡಿಯ ಗೊಜ್ಜು ಹಾಕುತ್ತಾರೆಂದು ಆಮೇಲೆ ತಿಳಿಯಿತು. ಲಿಂಗಾಯತರ ಮನೆಯಲ್ಲಿ ಹುಟ್ಟಿದ ಚನ್ನಮ್ಮ ಆ ದಿನ ಅತ್ತರು. ಮಾರನೆಯ ದಿನ ಒಬ್ಬರೇ ಜೀಪ್ನಿ ಹತ್ತಿ ಸಂತೆಗೆ ಹೋಗಿ, ಹೆಸರುಕಾಳು, ಬದನೆ, ನುಗ್ಗೆಸೊಪ್ಪು ತಂದರು. ಜೀಪ್ನಿ ಎಂದರೆ ಉದ್ದಕ್ಕೆ ಎದುರುಬದುರು ಬೆಂಚಿರುವ, ಬಣ್ಣ ಬಳಿದ ಜೀಪಿನಂಥ ಬಸ್ಸು. ಆ ದೇಶ ಅದರಲ್ಲೇ ಓಡಾಡುತ್ತದೆ. ಮೂರು ವರ್ಷದಲ್ಲಿ ಅಲ್ಲಿಯ ಭಾಷೆ ತಗಾಲೋಗ್‌ನಲ್ಲಿ ಚೌಕಾಸಿ ಮಾಡುವಷ್ಟಾದರು, ಆರನೆಯ ವರ್ಷಕ್ಕೆ ಜಗಳ ಆಡುವಷ್ಟು.

೧೯೯೬ರಲ್ಲಿ ಶಿವಲಿಂಗಪ್ಪನವರಿಗೆ ಇಂಗ್ಲೆಂಡಿನಲ್ಲಿ ಕೆಲಸವಾಗಿ ಇಬ್ಬರೂ ಡರ್ಬಿಗೆ ಬಂದರು. ಚನ್ನಮ್ಮ ಇಲ್ಲಿಯೂ ಒಂದು ಲೈಬ್ರರಿಯಲ್ಲಿ ಅರ್ಧ ದಿನದ ಕೆಲಸ ಹಿಡಿದರು. ಅಲ್ಲಿ ದಿನಪತ್ರಿಕೆ ಜೋಡಿಸುವಾಗ, ೧೯೯೮ರ ಕೊನೆಯಲ್ಲಿ, ಒಂದು ಜಾಹೀರಾತು ಕಣ್ಣಿಗೆ ಬಿತ್ತು. ಕೆಲಸದ ಮೇಲೆ ಹೊರದೇಶಗಳಿಗೆ ಹೋಗುವ ಬ್ರಿಟಿಷ್ ಎಂಜಿನಿಯರುಗಳಿಗೂ ಅವರ ಮನೆಯವರಿಗೂ ಹೊಸ ಊರಿನ ಬದುಕಿನ ತಿಳಿವಳಿಕೆ ಕೊಡುವ ಒಂದು ತರಬೇತಿ ಸಂಸ್ಥೆ. ಫಿಲಿಪ್ಪೀನ್ಸಿನಲ್ಲಿ ಇದ್ದು ಬಂದವರು ಬೇಕಾಗಿದ್ದರು. ಚನ್ನಮ್ಮ ಅರ್ಜಿ ಹಾಕಿದರು, ಕೆಲಸ ಸಿಕ್ಕಿತು, ಒಂದು ದಪ್ಪ ಫೈಲೂ ಮನೆಗೆ ಬಂತು. ತರಗತಿಯಲ್ಲಿ ಅದನ್ನು ಓದಿ ವಿವರಿಸಬೇಕು, ಅಷ್ಟೇ.

ಆ ಫೈಲಿನಲ್ಲಿ ಇದ್ದದ್ದು ಹೀಗೆ. ಜೀಪ್ನಿ ಹತ್ತಬೇಡಿ. ಸಂತೆಗೆ ಹೋಗಬೇಡಿ. ಮನೆಗೆಲಸದವಳ ಜೊತೆ ಸಲಿಗೆ ಬೇಡ. ಸಕ್ಕರೆ, ಸೋಪು ಬೀಗ ಹಾಕಿಡಿ. ಅಲ್ಲಿಯವರು ಹೌದು ಎಂದರೆ ನಂಬಬೇಡಿ. ಕೆಲಸ ಆಗದಿದ್ದರೆ ಎಲ್ಲರೆದುರು ಗಟ್ಟಿಯಾಗಿ ಗದರಿಸಿ. ಚನ್ನಮ್ಮ ಕೆಂಪು ಪೆನ್ಸಿಲ್ ಹಿಡಿದು ಕೂತರು. ಪುಟ ಮುಗಿಯುವಷ್ಟರಲ್ಲಿ ಪುಟವೇ ಕೆಂಪಾಗುತ್ತಿತ್ತು.

"ಓದಿ ಬಾ ಅಂದಾರ, ಓದಿ ಬಾ. ನಿನ್ನ ಅಭಿಪ್ರಾಯ ಯಾರು ಕೇಳ್ಯಾರ?" ಎಂದರು ಶಿವಲಿಂಗಪ್ಪನವರು.

"ಯಾರೂ ಕೇಳಿಲ್ಲ. ಅದಕ್ಕ ಹೇಳ್ತೀನಿ" ಎಂದರು ಹೆಂಡತಿ.

೧೯೯೯ರ ಫೆಬ್ರುವರಿಯಲ್ಲಿ ಸ್ಟೇಷನ್ ಹತ್ತಿರದ ಹೋಟೆಲಿನ ಒಂದು ಕೋಣೆಯಲ್ಲಿ ಮೊದಲ ತರಗತಿ. ಎಂಟು ಜನ ಕೂತಿದ್ದರು. ಸೀರೆ, ಸ್ವೆಟರ್, ಹಿಮದ ಬೂಟಿನಲ್ಲಿ ಚನ್ನಮ್ಮ ಒಳಗೆ ಬಂದು ಫೈಲನ್ನು ಮೇಜಿನ ಮೇಲೆ ಇಟ್ಟರು. ಎದುರಿನ ಸಾಲಿನಲ್ಲಿದ್ದ ಒಬ್ಬ ಎತ್ತರದ ಎಂಜಿನಿಯರ್ ಕೈಕಟ್ಟಿಕೊಂಡು, "ನೀವು ಇಂಡಿಯಾದವರಲ್ಲವೇ? ಫಿಲಿಪ್ಪೀನ್ಸ್ ಬಗ್ಗೆ ನೀವು ಹೇಳಿಕೊಡುವುದೇ?" ಎಂದು ಕೇಳಿದ.

"ಹೌದ್ರಿ. ಅಲ್ಲಿ ನಾನೂ ಹೊರಗಿನವಳಾಗಿದ್ದೆ. ನೀವೂ ಹೊರಗಿನವರಾಗಾಕ ಹೊಂಟೀರಿ. ಹೊರಗಿನವರಿಗೆ ಏನೇನು ತಿಳಿಯೂದಿಲ್ಲ ಅನ್ನೂದು ಅಲ್ಲಿಯವರಿಗಿಂತ ನನಗ ಚಲೋ ಗೊತ್ತೈತಿ."

ಯಾರೋ ನಕ್ಕರು. ಆ ಎಂಜಿನಿಯರ್ ನಗಲಿಲ್ಲ. ಚನ್ನಮ್ಮ ಫೈಲಿನ ಮೊದಲ ಪುಟ ತೆರೆದು, ಒಂದು ಸಾಲು ಓದಿ, ಮುಚ್ಚಿದರು. ಆಮೇಲೆ ಎರಡು ತಾಸು ಅದನ್ನು ಮುಟ್ಟಲಿಲ್ಲ.

ಆಕೆ ಹೇಳಿದ್ದೆಲ್ಲ ದಿನಬಳಕೆಯ ಸಂಗತಿ. ಜೀಪ್ನಿಯಲ್ಲಿ ಹಿಂದೆ ಕೂತರೆ ಟಿಕೆಟ್ಟಿನ ಕಾಸನ್ನು ಪಕ್ಕದವರ ಕೈಗೆ ಕೊಡಬೇಕು, ಅದು ಕೈಯಿಂದ ಕೈಗೆ ಡ್ರೈವರನನ್ನು ತಲುಪುತ್ತದೆ, ಚಿಲ್ಲರೆ ಹಾಗೆಯೇ ವಾಪಸು ಬರುತ್ತದೆ. ಇಳಿಯುವಾಗ "ಪಾರಾ ಪೊ", ಅಂದರೆ ನಿಲ್ಲಿಸಿರಿ, ಎನ್ನಬೇಕು. ಈ "ಪೊ" ಎಂಬುದನ್ನು ಮರೆಯಲೇಬಾರದು. ಧಾರವಾಡದಲ್ಲಿ ಮಾತಿನ ಕೊನೆಗೆ "ರೀ" ಹಚ್ಚುವ ಹಾಗೆ, ಅದು ಹಿರಿಯರಿಗೆ ಕೊಡುವ ಮರ್ಯಾದೆ. ನಿಮಗಿಂತ ಸ್ವಲ್ಪ ದೊಡ್ಡವಳಾದ ಅಂಗಡಿಯವಳು "ಆತೆ", ಅಂದರೆ ಅಕ್ಕ. ಡ್ರೈವರ್ "ಕೂಯಾ", ಅಣ್ಣ. ಮಾತಾಡದೆ ಹುಬ್ಬು ಮೇಲೆತ್ತಿದರೆ ಹೌದು ಎಂದು ಅರ್ಥ. ಆದರೆ ಕೆಲವೊಮ್ಮೆ ನಿಮ್ಮ ಮನಸ್ಸು ನೋಯದಿರಲೆಂದೂ ಹೌದು ಎನ್ನುತ್ತಾರೆ. ದಾರಿ ಕೇಳಿದಾಗ ತುಟಿ ಮುಂದೆ ಮಾಡಿದರೆ, ನಿಮ್ಮನ್ನು ಅಣಕಿಸುತ್ತಿಲ್ಲ, ದಿಕ್ಕು ತೋರಿಸುತ್ತಿದ್ದಾರೆ. ಊಟ ಮಾಡುತ್ತಿರುವವರ ಮುಂದೆ ಹಾದುಹೋದರೆ ಬನ್ನಿ ಊಟಕ್ಕೆ ಎನ್ನುತ್ತಾರೆ. ಥ್ಯಾಂಕ್ಸ್ ಹೇಳಿ ಮುಂದೆ ಹೋಗಿ, ತಟ್ಟೆ ಎಳೆದು ಕೂರಬೇಡಿ. ಬಿರುಗಾಳಿಯ ಎರಡನೇ ನಂಬರಿನ ಎಚ್ಚರಿಕೆ ರೇಡಿಯೋದಲ್ಲಿ ಬಂದ ಕೂಡಲೇ ಮನೆಯಲ್ಲಿರುವ ಬಕೆಟ್ಟು, ಪಾತ್ರೆಗಳಿಗೆಲ್ಲ ನೀರು ತುಂಬಿಡಿ. ಕರೆಂಟು ಹೋದರೆ ಪಂಪೂ ನಿಲ್ಲುತ್ತದೆ. ಯಾರನ್ನೂ ನಾಲ್ಕು ಜನರ ಮುಂದೆ ಬೈಯಬೇಡಿ. ಬೈದರೆ ಆ ಮನುಷ್ಯ ನಾಳೆ ಕೆಲಸಕ್ಕೆ ಬರುವುದಿಲ್ಲ, ಏಕೆಂದೂ ನಿಮಗೆ ತಿಳಿಯುವುದಿಲ್ಲ.

ಕೊನೆಗೆ ಮನೆಗೆಲಸದವಳ ವಿಚಾರ ಬಂತು. ಚನ್ನಮ್ಮ ತಮ್ಮ ಮನೆಯಲ್ಲಿದ್ದ ರೋಸಿಂಗ್‌ಳ ಬಗ್ಗೆ ಹೇಳಿದರು. "ಹನ್ನೊಂದು ವರ್ಷ ಆಕಿ ನಮ್ಮ ಜೋಡಿ ಒಂದs ಮೇಜಿಗೆ ಕೂತು ಉಂಡಾಳ. ನೀವೂ ಹಂಗ ಕೂಡಿಸ್ಕೋರಿ. ಬೀಗದ ಕೈ ನಿಮ್ಮ ಮನಸ್ಸಿಗೆ ಬೇಕು, ಸಕ್ಕರಿ ಡಬ್ಬಿಗಲ್ಲ."

ಮೂರನೆಯ ದಿನ ತರಬೇತಿ ಸಂಸ್ಥೆಯ ಮ್ಯಾನೇಜರ್ ಕರೆಸಿದಳು. ಕ್ರಾಫರ್ಡ್ ಎಂಬ ಹೆಸರಿನ, ತುಂಬ ಮೆತ್ತಗೆ ಮಾತಾಡುವ ಹೆಂಗಸು. ದೂರು ಬಂದಿದೆ ಎಂದಳು. ಫೈಲಿನಲ್ಲಿ ಇದ್ದಷ್ಟನ್ನು ಮಾತ್ರ ಹೇಳುತ್ತೇನೆಂದು ಬರೆದ ಕಾಗದವನ್ನು ಮುಂದೆ ಸರಿಸಿ, "ನಮಗೆ ಬೇಕಾದ್ದು ನಿಮ್ಮ ಅನುಭವ, ಅಭಿಪ್ರಾಯ ಅಲ್ಲ. ಇಲ್ಲೊಂದು ಸಹಿ ಮಾಡಿ" ಎಂದಳು.

ಚನ್ನಮ್ಮ ಕಾಗದವನ್ನು ಪೂರ್ತಿ ಓದಿದರು. "ಈ ಫೈಲ್ ಬರದವರು ಅಲ್ಲಿ ಎಷ್ಟು ವರ್ಷ ಇದ್ರು?" ಎಂದು ಕೇಳಿದರು.

ಮ್ಯಾನೇಜರಿಗೆ ಗೊತ್ತಿರಲಿಲ್ಲ. ಲಂಡನ್ನಿನ ಕಚೇರಿಯಲ್ಲಿ ಬರೆದದ್ದು ಎಂದಳು.

"ಹಂಗಾದ್ರ ಲಂಡನ್ನಿನವರs ಬಂದು ಓದ್ಲಿ. ನಾನು ಸಹಿ ಮಾಡೂದಿಲ್ಲ" ಎಂದು ಎದ್ದು ಬಂದರು.

ಹೀಗೆ ಆ ಕೆಲಸ ಹೋಯಿತು. ಎರಡು ವಾರದ ನಂತರ ಚನ್ನಮ್ಮ ತಮ್ಮ ಬೀದಿಯಲ್ಲಿ ಅಂಚೆ ಕಚೇರಿಯೂ ಆಗಿದ್ದ ಅಂಗಡಿಯ ಕಿಟಕಿಯಲ್ಲಿ ಒಂದು ಕಾರ್ಡು ಅಂಟಿಸಿದರು: ಫಿಲಿಪ್ಪೀನ್ಸಿಗೆ ಹೊರಟವರಿಗೆ ಶನಿವಾರ ಹತ್ತು ಗಂಟೆಗೆ ಪಾಠ, ನನ್ನ ಅಡುಗೆಮನೆಯಲ್ಲಿ. ಮೊದಲ ಶನಿವಾರ ಯಾರೂ ಬರಲಿಲ್ಲ. ಮಾಡಿಟ್ಟಿದ್ದ ಹೆಸರುಕಾಳಿನ ಸಾರನ್ನು ಗಂಡ ಹೆಂಡತಿ ಎರಡು ದಿನ ಉಂಡರು. ಎರಡನೆಯ ಶನಿವಾರ, ಹೋಟೆಲಿನ ತರಗತಿಯಲ್ಲಿದ್ದ ದಂಪತಿ ಬಂದು ಬಾಗಿಲು ತಟ್ಟಿದರು. ಅವರಿಂದ ಕೇಳಿ ಇನ್ನಿಬ್ಬರು. ಬೇಸಿಗೆಯ ಹೊತ್ತಿಗೆ ನಾಟಿಂಗ್‌ಹ್ಯಾಮಿನಿಂದ, ಬರ್ಮಿಂಗ್‌ಹ್ಯಾಮಿನಿಂದ ಜನ ಬರತೊಡಗಿದರು.

ಆಗ ತರಬೇತಿ ಸಂಸ್ಥೆಯ ವಕೀಲರ ಪತ್ರ ಬಂತು. ಸಂಸ್ಥೆಯ ಗೋಪ್ಯ ಬರಹವನ್ನು ಬಳಸುತ್ತಿದ್ದೀರಿ, ಕೂಡಲೇ ನಿಲ್ಲಿಸಿ ಎಂದು. ಶಿವಲಿಂಗಪ್ಪನವರಿಗೆ ನಿದ್ದೆ ಕೆಟ್ಟಿತು. "ಪರದೇಶ ಇದು. ಕೋರ್ಟು ಗೀರ್ಟು ಅಂದ್ರ ಏನ್ಮಾಡೂದು? ಸಾಕು ಮಾಡು" ಎಂದರು.

"ಲಗೂನಾ ಪರದೇಶ ಆಗಿರ್ಲಿಲ್ಲೇನು? ನಾ ಅಲ್ಲೇ ಅಂಜಲಿಲ್ಲ" ಎಂದು ಚನ್ನಮ್ಮ ಉತ್ತರ ಬರೆಯಲು ಕೂತರು. ಆ ಪತ್ರದ ನಕಲನ್ನು ನನಗೆ ತೋರಿಸಿದ್ದಾರೆ. ಇದ್ದದ್ದು ಮೂರೇ ಸಾಲು: ನಿಮ್ಮ ಫೈಲಿನಿಂದ ನಾನು ಒಂದು ಮಾತನ್ನೂ ತೆಗೆದುಕೊಂಡಿಲ್ಲ. ಜನ ಬರುತ್ತಿರುವುದೇ ಅದಕ್ಕಾಗಿ. ಫೈಲನ್ನು ತಿದ್ದಿ ಇದರ ಜೊತೆ ಕಳಿಸಿದ್ದೇನೆ. ಕೆಂಪು ಪೆನ್ಸಿಲಿನ ಗುರುತುಗಳಿದ್ದ ಆ ಫೈಲು ಹೋಯಿತು. ಮತ್ತೆ ವಕೀಲರ ಪತ್ರ ಬರಲಿಲ್ಲ.

ನಾನು ನೋಟ್‌ಬುಕ್ ಹಿಡಿದು ಹೋದದ್ದು ಇದೆಲ್ಲ ಆಗಿ ಮೂರು ವರ್ಷಕ್ಕೆ. ಅಡುಗೆಮನೆಯ ಮೇಜಿನ ಸುತ್ತ ಆರು ಜನ ಇದ್ದೆವು. ಅಂದು ಚನ್ನಮ್ಮ ಹೊಸದಾಗಿ ಒಬ್ಬರನ್ನು ಕರೆದಿದ್ದರು. ಹೆಸರು ಮರಿವಿಕ್, ಮೂವತ್ತರ ಆಸುಪಾಸು, ಬತಾಂಗಾಸ್ ಪ್ರಾಂತ್ಯದವಳು. ಆ ವರ್ಷಗಳಲ್ಲಿ ಇಲ್ಲಿಯ ಆಸ್ಪತ್ರೆಗಳಿಗೆ ಫಿಲಿಪ್ಪೀನ್ಸಿನಿಂದ ನರ್ಸುಗಳು ಬರುತ್ತಿದ್ದರಲ್ಲ, ಅವರಲ್ಲೊಬ್ಬಳು. ಲೈಬ್ರರಿಗೆ ಬಂದವಳನ್ನು ಚನ್ನಮ್ಮ ತಗಾಲೋಗ್‌ನಲ್ಲಿ ಮಾತಾಡಿಸಿದಾಗ ಬೆಚ್ಚಿಬಿದ್ದಿದ್ದಳಂತೆ. ಆಸ್ಪತ್ರೆಯ ಪಾಳಿಯಲ್ಲಿ ಆ ಶನಿವಾರ ಅವಳಿಗೆ ರಜೆ ಇತ್ತು.

ಚನ್ನಮ್ಮ ಎಂದಿನಂತೆ ರೋಸಿಂಗ್ ಮೇಜಿಗೆ ಕೂತು ಉಣ್ಣುತ್ತಿದ್ದ ಕಥೆ ಹೇಳಿ ಮುಗಿಸಿದರು. ನಮಗೆಲ್ಲ ಅದು ಹಿಡಿಸಿತ್ತು. ಮರಿವಿಕ್ ಚಹಾದ ಕಪ್ಪನ್ನೇ ನೋಡುತ್ತಿದ್ದಳು.

"ಏನಂತಿ, ಸರಿ ಹೇಳಿದ್ನಿಲ್ಲೋ?" ಎಂದು ಚನ್ನಮ್ಮ ಕೇಳಿದರು.

ಮರಿವಿಕ್ ಹುಬ್ಬು ಎತ್ತಲಿಲ್ಲ. "ಮ್ಯಾಮ್, ರೋಸಿಂಗ್‌ಗೆ ಆ ಮೇಜಿನಲ್ಲಿ ಹೊಟ್ಟೆ ತುಂಬುತ್ತಿತ್ತೇ?" ಎಂದಳು.

"ಅಂದ್ರ?"

"ನನ್ನ ಅಮ್ಮ ಮನಿಲಾದಲ್ಲಿ ಇಪ್ಪತ್ತು ವರ್ಷ ಮನೆಗೆಲಸ ಮಾಡಿದಳು. ಒಬ್ಬ ಯಜಮಾನಿ ಅವಳನ್ನು ಮೇಜಿಗೆ ಕೂರಿಸುತ್ತಿದ್ದಳು. ಒಳ್ಳೆಯ ಹೆಂಗಸು. ಆದರೆ ಅಮ್ಮನಿಗೆ ಅವರ ಮುಂದೆ ತುತ್ತು ಇಳಿಯುತ್ತಿರಲಿಲ್ಲ. ಕೈಯಲ್ಲಿ ತಿನ್ನುವ ಹಾಗಿಲ್ಲ, ಮತ್ತೆ ಬಡಿಸಿಕೊಳ್ಳಲು ನಾಚಿಕೆ, ಎಲ್ಲರೂ ನೋಡುತ್ತಾರೆ. ಬೇಡ ಎನ್ನಲಿಕ್ಕೂ ಆಗುತ್ತಿರಲಿಲ್ಲ, ಯಜಮಾನಿಗೆ ನೋವಾಗುತ್ತದೆ. ಅಡುಗೆಮನೆಯಲ್ಲಿ ಕಾಲು ಚಾಚಿ ಒಬ್ಬಳೇ ಉಣ್ಣುವುದೇ ಅವಳಿಗೆ ಸುಖ. ನಿಮ್ಮ ರೋಸಿಂಗ್ ಬೇರೆ ಥರ ಇರಬಹುದು. ನನಗೆ ಗೊತ್ತಿಲ್ಲ. ನೀವು ಕೇಳಿದ್ದಿರಾ?"

"ಆಕಿ ನಕ್ಕೋತ ಉಣ್ತಿದ್ಲು" ಎಂದರು ಚನ್ನಮ್ಮ. ದನಿ ಗಟ್ಟಿಯಾಗಿತ್ತು. ಮರಿವಿಕ್ ತಲೆಯಾಡಿಸಿದಳು. ಅಂದಿನ ಪಾಠ ಬೇಗ ಮುಗಿಯಿತು.

ಮುಂದಿನ ಶನಿವಾರ ಪಾಠ ಇಲ್ಲ ಎಂದು ಫೋನ್ ಬಂತು. ಅದರ ಮುಂದಿನದಕ್ಕೂ ಇಲ್ಲ. ನಾನು ಮನೆಗೆ ಹೋದೆ. ಆಕೆ ಜೋಳದ ಹಿಟ್ಟು ನಾದುತ್ತಿದ್ದರು.

"ಆ ಹುಡುಗಿಗೆ ಏನ್ ಗೊತ್ತು, ನಮ್ಮ ಮನಿಯೊಳಗಿನದು?" ಎಂದರು, ನನ್ನ ಮುಖ ನೋಡದೆ.

"ಅಕ್ಕಾ, ನೀವೇ ಹೇಳಿದ್ರಲ್ಲ, ಅಲ್ಲಿ ಹೌದು ಅಂದ್ರೆ ಯಾವಾಗ್ಲೂ ಹೌದು ಅಂತ ಅಲ್ಲ, ಎದುರಿನವರ ಮನಸ್ಸು ನೋಯಬಾರದು ಅಂತಲೂ ಹೌದು ಅಂತಾರೆ ಅಂತ."

ಹಿಟ್ಟು ನಾದುವುದು ನಿಂತಿತು. "ಬರದೀನಿ" ಎಂದರು. "ರೋಸಿಂಗ್‌ಗ ಪತ್ರ ಬರದೀನಿ. ಕೇಳೀನಿ."

ನಾನು ಮನಿಲಾಕ್ಕೆ ಹೊರಡುವ ಮುಂಚಿನ ವಾರ ಉತ್ತರ ಬಂತು. ರೋಸಿಂಗ್ ಹೇಳಿ ಅವಳ ಮಗಳು ಬರೆದದ್ದು. ಚನ್ನಮ್ಮ ಎಲ್ಲ ಶಿಷ್ಯರನ್ನೂ ಕರೆದರು, ಹಳಬರನ್ನೂ. ಮರಿವಿಕ್ ಆಸ್ಪತ್ರೆಯ ಬಟ್ಟೆಯಲ್ಲೇ ಬಂದಿದ್ದಳು. ಕುರ್ಚಿ ಸಾಲದೆ ಕೆಲವರು ಮೆಟ್ಟಿಲ ಮೇಲೆ ಕೂತರು. ಚನ್ನಮ್ಮ ನಿಂತುಕೊಂಡೇ ಪತ್ರವನ್ನು ಇಂಗ್ಲಿಷಿಗೆ ಮಾಡುತ್ತ ಓದಿದರು.

"ಮ್ಯಾಮ್, ನೀವು ಕೇಳಿದಿರಿ ಎಂದು ಹೇಳುತ್ತಿದ್ದೇನೆ. ಮೊದಲ ವರ್ಷ ನಾನು ಹಸಿದುಕೊಂಡೇ ಏಳುತ್ತಿದ್ದೆ. ಆಮೇಲೆ ಉಪಾಯ ಕಂಡುಕೊಂಡೆ. ನೀವು ಸ್ನಾನಕ್ಕೆ ಹೋದಾಗ ಅಡುಗೆಮನೆಯಲ್ಲಿ ಕೂತು ಮೀನಿನ ಜೊತೆ ಹೊಟ್ಟೆತುಂಬ ಉಣ್ಣುತ್ತಿದ್ದೆ. ಮತ್ತೆ ನಿಮ್ಮ ಜೊತೆ ಮೇಜಿಗೆ ಕೂರುತ್ತಿದ್ದೆ. ಸರ್ ಕೆಲಸಕ್ಕೆ ಹೋದ ಮೇಲೆ ನೀವು ಒಬ್ಬರೇ ಉಣ್ಣುವುದು ನನಗೆ ಪಾಪ ಅನಿಸುತ್ತಿತ್ತು."

ಚನ್ನಮ್ಮನ ಕಣ್ಣು ತುಂಬಿತ್ತು, ಆದರೆ ಕತ್ತು ನೇರವಾಗಿಯೇ ಇತ್ತು.

"ಮೂರು ವರ್ಷ ನಿಮಗೆಲ್ಲ ತಪ್ಪು ಹೇಳೀನಿ. ಫೈಲಿನವರು ಆಕಿಯನ್ನ ಕಳ್ಳಿ ಅಂದ್ರು, ಅದು ಸುಳ್ಳು. ನಾನು ಆಕಿಯನ್ನ ನನಗ ಬೇಕಾದ ಜಾಗಾದಾಗ ಕೂಡ್ಸಿದೆ, ಅದೂ ಸರಿಯಲ್ಲ. ಆಕಿಗೆ ಏನ್ ಬೇಕು ಅಂತ ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳ್ರಿ. ಒಮ್ಮೆ ಕೇಳಿದ್ರ ಹೌದು ಅಂತಾರ, ಎರಡನೇ ಸಲ ಒಬ್ಬರs ಇದ್ದಾಗ ಕೇಳ್ರಿ." ಆಮೇಲೆ ಮರಿವಿಕ್‌ಳ ಕಡೆ ತಿರುಗಿ, "ಇನ್ನ ಮ್ಯಾಲ ಈ ಪಾಠ ನೀ ಮಾಡಬೇಕು" ಎಂದರು.

ಮರಿವಿಕ್ ತನಗೆ ಜನರ ಮುಂದೆ ಮಾತಾಡಿ ಗೊತ್ತಿಲ್ಲ ಎಂದಳು. "ಈಕಿ ಮುಂದ ಮಾತಾಡಿದೆಲ್ಲ. ಅದಕ್ಕಿಂತ ಕಷ್ಟದ್ದು ಯಾವುದೂ ಇಲ್ಲ" ಎಂದರು ಶಿವಲಿಂಗಪ್ಪನವರು, ಬಾಗಿಲ ಬಳಿಯಿಂದ. ಆ ಮನೆಯಲ್ಲಿ ಅವರು ತಮಾಷೆ ಮಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಮನಿಲಾದಲ್ಲಿ ನನ್ನ ಫ್ಲ್ಯಾಟಿಗೆ ವಾರಕ್ಕೆ ಮೂರು ದಿನ ಬರುತ್ತಿದ್ದ ಹೆಂಗಸನ್ನು, ಎಲ್ಲಿ ಕೂತು ಉಣ್ಣಲು ಇಷ್ಟ ಎಂದು ನಾನು ಎರಡು ಸಲ ಕೇಳಿದೆ. ಮೊದಲ ಸಲ, ಎಲ್ಲಾದರೂ ಸರಿ ಎಂದಳು. ಎರಡನೆಯ ಸಲ, ಬಾಲ್ಕನಿಯಲ್ಲಿ ರೇಡಿಯೋ ಹಾಕಿಕೊಂಡು ಉಣ್ಣಲು ಇಷ್ಟ ಎಂದಳು. ಆರು ತಿಂಗಳು ಅವಳು ಬಾಲ್ಕನಿಯಲ್ಲಿ ಉಂಡಳು. ಜೀಪ್ನಿಯಲ್ಲಿ ನಾನು ಒಮ್ಮೆಯೂ ಕಳೆದುಹೋಗಲಿಲ್ಲ.

೨೦೦೪ರಲ್ಲಿ ಆ ತರಬೇತಿ ಸಂಸ್ಥೆಯ ಕ್ರಾಫರ್ಡ್ ತಾನಾಗಿಯೇ ಚನ್ನಮ್ಮನ ಮನೆಗೆ ಬಂದಳು. ನಾನೂ ಅಲ್ಲಿದ್ದೆ. ಸಂಸ್ಥೆಯ ತರಬೇತಿ ಪಡೆದು ಹೋದ ಕುಟುಂಬಗಳಲ್ಲಿ ಹಲವು ವರ್ಷ ತುಂಬುವ ಮೊದಲೇ ವಾಪಸಾಗುತ್ತಿದ್ದವು. ಈ ಅಡುಗೆಮನೆಯಿಂದ ಹೋದವರು ನಿಲ್ಲುತ್ತಿದ್ದರು. ಕಂಪನಿಗಳು ಅದನ್ನು ಗಮನಿಸಿ ಕೇಳತೊಡಗಿದ್ದವು. ಚನ್ನಮ್ಮನ ಪಾಠವನ್ನು ಬರೆಸಿಕೊಂಡು ಹೊಸ ಫೈಲು ಮಾಡುತ್ತೇವೆ, ನಿಮ್ಮ ಹೆಸರನ್ನೂ ಹಾಕುತ್ತೇವೆ ಎಂದಳು.

"ಆಗ್ಲಿ. ಎರಡು ಮಾತು ಅದಾವ" ಎಂದರು ಚನ್ನಮ್ಮ. "ಮೊದಲನೇ ಪುಟದಾಗ, ಇದನ್ನ ಹೇಳಿದಾಕಿ ಹನ್ನೊಂದು ವರ್ಷ ಒಂದು ವಿಷಯದಾಗ ತಪ್ಪಿದ್ಲು ಅಂತ ಹಾಕಬೇಕು. ಎರಡನೇದು, ತರಗತಿಯನ್ನ ಮರಿವಿಕ್ ತಗೋಬೇಕು. ಅಲ್ಲಿಯವರ ಬಾಯಿಂದs ಕೇಳ್ಲಿ."

ಕ್ರಾಫರ್ಡ್ ನಕ್ಕಳು. ಚನ್ನಮ್ಮ ನಗದೇ ಇದ್ದುದನ್ನು ನೋಡಿ ನಿಲ್ಲಿಸಿದಳು. ತಪ್ಪು ಒಪ್ಪಿಕೊಳ್ಳುವ ಫೈಲನ್ನು ಯಾವ ಕಂಪನಿ ಕೊಳ್ಳುತ್ತದೆ, ಎಂದು ಕೇಳಿದಳು. ಇನ್ನು ನರ್ಸ್ ಒಬ್ಬಳು ಎಂಜಿನಿಯರುಗಳಿಗೆ ಪಾಠ ಹೇಳುವುದು ಕಷ್ಟ, ಅವರಿಗೆ ಹಿಡಿಸುವುದಿಲ್ಲ ಎಂದಳು.

"ಇಲ್ಲಿ ಬಂದವರಿಗೆ ಹಿಡಿಸೈತಿ. ಚಹಾ ಆರತೈತಿ, ಕುಡೀರಿ" ಎಂದರು ಚನ್ನಮ್ಮ. ಆಕೆ ಕುಡಿದಳು, ಹೋದಳು. ಹೊಸ ಫೈಲು ಆಗಲಿಲ್ಲ.

ನಾನು ೨೦೦೭ರ ಕೊನೆಗೆ ಡರ್ಬಿ ಬಿಟ್ಟೆ. ಹೊರಡುವ ಮುನ್ನ ಒಂದು ಶನಿವಾರ ಹೇಳಿ ಬರಲು ಹೋದೆ. ಒಲೆಯ ಪಕ್ಕ ನಿಂತು ಮರಿವಿಕ್ ಪಾಠ ಹೇಳುತ್ತಿದ್ದಳು. ಮೇಜಿನ ಸುತ್ತ ಒಂಬತ್ತು ಜನ. ಚನ್ನಮ್ಮ ಅವರ ನಡುವೆ, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಕೂತಿದ್ದರು. ಬಿರುಗಾಳಿಗೆ ಮುಂಚೆ ಕಿಟಕಿಗೆ ಟೇಪು ಅಂಟಿಸಬೇಕು ಎಂದು ಮರಿವಿಕ್ ಹೇಳಿದಳು.

"ಅದರಿಂದ ಏನೂ ಉಪಯೋಗ ಇಲ್ಲ. ನಾ ಮಾಡಿ ನೋಡೀನಿ. ಹಲಗಿ ಬಡೀಬೇಕು" ಎಂದರು ಚನ್ನಮ್ಮ, ಶಾಲೆಯ ಹುಡುಗಿಯಂತೆ ಕೈ ಎತ್ತಿ.

"ನಿಮ್ಮ ಲಗೂನಾದಲ್ಲಿ ಹಲಗೆ ಸಿಗುತ್ತಿತ್ತು ಮ್ಯಾಮ್. ನಮ್ಮ ಬತಾಂಗಾಸಿನಲ್ಲಿ ನಮಗೆ ಟೇಪೇ ಸಿಗುತ್ತಿದ್ದದ್ದು" ಎಂದಳು ಮರಿವಿಕ್, ಅಷ್ಟೇ ಗಟ್ಟಿಯಾಗಿ.

ಒಂಬತ್ತು ಜನರೂ ಬರೆಯುವುದನ್ನು ನಿಲ್ಲಿಸಿ ಒಮ್ಮೆ ಇವರನ್ನು, ಒಮ್ಮೆ ಅವರನ್ನು ನೋಡಿದರು. ಯಾವುದನ್ನು ಬರೆದುಕೊಳ್ಳುವುದು ಎಂದು ಒಬ್ಬ ಹುಡುಗಿ ಮೆಲ್ಲಗೆ ಕೇಳಿದಳು.

"ಎರಡೂ ಬರಕೋ" ಎಂದರು ಚನ್ನಮ್ಮ, "ಅಲ್ಲಿ ಹೋಗಿ ಬಾಜೂ ಮನಿಯವರು ಏನು ಮಾಡ್ತಾರ ನೋಡು." ಎಂದವರು ಇನ್ನೊಂದು ಮಾತು ಹೇಳಲು ಮತ್ತೆ ಕೈ ಎತ್ತಿದರು.